ಆ ಹೊಲ ಪಡಾ ಬಿದ್ದಿರಲಿಲ್ಲ

ನಾನು ನಿಂತಿದ್ದದ್ದು ಹೊಲದ ಪಡುವಣ ಬದುವಿನ ಮೇಲೆ, ಬನ್ನಿ ಗಿಡದಿಂದ ಹನ್ನೆರಡು ಹೆಜ್ಜೆ ಈಚೆಗೆ. ಮೂರು ವರ್ಷದ ಹಿಂದೆ, ಜುಲೈಯಲ್ಲಿ ಪುನರ್ವಸು ನಕ್ಷತ್ರ ಕೂಡಿ ಎಂಟನೆಯ ದಿನ, ಗುರುವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಊರು ಸಾವಳಗಿಯಿಂದ ಮೂರು ಮೈಲಿ ದೂರ, ಯಾವುದೆಂದು ಬರೆಯುವುದಿಲ್ಲ. ಎದುರಿಗೆ ನಾಲ್ಕು ಎಕರೆ ಎರೆಭೂಮಿಯಲ್ಲಿ ಹೆಸರುಕಾಳಿನ ಬೆಳೆ ಮೊಣಕಾಲು ಮುಟ್ಟುವಷ್ಟು ಎದ್ದು, ಹಳದಿ ಹೂ ಬಿಟ್ಟು, ಸಾಲುಗಳ ನಡುವೆ ನೆಲ ಕಾಣದಂತೆ ಹಬ್ಬಿತ್ತು. ಇದನ್ನು ಮೊದಲಿಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಸರಕಾರಿ ದಾಖಲೆಯ ಪ್ರಕಾರ ಆ ವರ್ಷದ ಮುಂಗಾರಿನಲ್ಲಿ ಆ ಹೊಲದಲ್ಲಿ ಏನನ್ನೂ ಬಿತ್ತಿರಲಿಲ್ಲ.

ಕಳೆದ ತಿಂಗಳು ಬೀಳಗಿಯಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲೂಕುಗಳ ಕೃಷಿ ಸಹಾಯಕರನ್ನು ಕರೆಸಿದ್ದರು. ಹೊರಗಿನಿಂದ ಬಂದ ತಜ್ಞರೊಬ್ಬರು ಪರದೆಯ ಮೇಲೆ ಬಣ್ಣದ ನಕ್ಷೆಗಳನ್ನು ತೋರಿಸಿ ಹೊಸ ಮಾತೊಂದನ್ನು ಹೇಳಿಕೊಟ್ಟರು: ದಿಢೀರ್ ಬರ. ಇದು ತಿಂಗಳುಗಟ್ಟಲೆ ಮಳೆ ತಪ್ಪಿ ಬರುವ ಬರವಲ್ಲ, ಒಳ್ಳೆಯ ಮಳೆಗಾಲದ ನಡುವೆಯೇ ಬಿಸಿಲೂ ಗಾಳಿಯೂ ಸೇರಿ ಎರಡು ಮೂರು ವಾರದಲ್ಲಿ ನೆಲದ ಹಸಿಯನ್ನು ಹೀರಿ ಬೆಳೆಯನ್ನು ಮುಗಿಸಿಬಿಡುತ್ತದೆ ಎಂದರು. ವಿವರಣೆ ಸರಿಯಾಗಿಯೇ ಇತ್ತು. ಕೊನೆಗೆ, “ಅದೃಷ್ಟಕ್ಕೆ ನಿಮ್ಮ ಈ ನಾಲ್ಕು ತಾಲೂಕುಗಳಲ್ಲಿ ಇಂಥದ್ದು ಇನ್ನೂ ದಾಖಲಾಗಿಲ್ಲ” ಎಂದು ಪರದೆ ಆರಿಸಿದರು.

“ಊಟಕ್ಕ ಏಳ್ರಿ, ಬದನೀಕಾಯಿ ಎಣಗಾಯಿ ಮಾಡ್ಯಾರಂತ,” ಎಂದ ಪಕ್ಕದಲ್ಲಿದ್ದವನು. ನಾನು ಉಣ್ಣಲಿಲ್ಲ. ನಡೆದು ಬಸ್ ನಿಲ್ದಾಣಕ್ಕೆ ಬಂದು ಮುಧೋಳದ ಬಸ್ಸಿಗೆ ಕಾದೆ.

ದಾಖಲಾಗಿಲ್ಲ. ಆ ಮಾತು ಸುಳ್ಳಲ್ಲ. ಏಕೆ ದಾಖಲಾಗಲಿಲ್ಲ ಎಂಬುದು ನನಗೆ ಗೊತ್ತು, ಏಕೆಂದರೆ ಆ ದಾಖಲೆಯ ಅರ್ಧ ನನ್ನ ಕೈಬರಹದಲ್ಲಿದೆ.

ಆಗ ನನ್ನ ಕೆಲಸ ಸಾವಳಗಿಯ ಕಡೆ. ದಿನಾ ಬೆಳಗ್ಗೆ ಎಂಟೂವರೆಗೆ ರೈತ ಸಂಪರ್ಕ ಕೇಂದ್ರದ ಅಂಗಳದಲ್ಲಿದ್ದ ಮಳೆಮಾಪಕವನ್ನು ತೆಗೆದು ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಆಮೇಲೆ ಹಳ್ಳಿಗಳ ಮೇಲೆ ಹೋಗುತ್ತಿದ್ದೆ. ಅದಕ್ಕೇ ಜನ ನನ್ನನ್ನು ಮಳಿ ಮಾಸ್ತರ ಎಂದು ಕರೆಯುತ್ತಿದ್ದರು. ಆ ಹೊಲ ನೀಲವ್ವನದು. ನಲವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಗಂಡನೂ ಅವನ ತಮ್ಮ ಈರಪ್ಪನೂ ಆಸ್ತಿ ಹಿಸೆ ಮಾಡಿಕೊಂಡು ಬೇರೆ ಆಗಿರಲಿಲ್ಲ. ಗಂಡ ಸತ್ತ ವರ್ಷ ಊರ ಹಿರಿಯರು ಕೂತು ಒಂದು ಮಾತು ಕಟ್ಟಿದ್ದರು: ಈ ನಾಲ್ಕು ಎಕರೆಯನ್ನು ನೀಲವ್ವ ಉಳುತ್ತಿರುವವರೆಗೆ ಅದು ಅವಳದೇ, ಒಂದು ಹಂಗಾಮು ಪಡಾ ಕೆಡವಿದರೆ ಈರಪ್ಪ ಉಳಬೇಕು. ಬಿತ್ತದೆ ಬಿಟ್ಟ ಹೊಲಕ್ಕೆ ನಮ್ಮ ಕಡೆ ಪಡಾ ಎನ್ನುತ್ತಾರೆ. ಅದು ಬೈಗುಳಕ್ಕೆ ಹತ್ತಿರದ ಮಾತು. ಐದು ವರ್ಷದಲ್ಲಿ ಹತ್ತು ಹಂಗಾಮು. ಒಂದರಲ್ಲೂ ನೀಲವ್ವ ಆ ಮಾತಿಗೆ ಎಡೆ ಕೊಟ್ಟಿರಲಿಲ್ಲ.

ಆ ವರ್ಷ ಮೃಗಶಿರ, ನಮ್ಮ ಮಿರಗದ ಮಳೆ, ಅಬ್ಬರಿಸಿಯೇ ಬಂತು. ಎರಡು ರಾತ್ರಿ ಸುರಿದದ್ದನ್ನು ನಾನು ಅಳತೆಗಾಜಿನಲ್ಲಿ ಮತ್ತೆ ಮತ್ತೆ ತುಂಬಿ ಅಳೆಯಬೇಕಾಯಿತು. ಎರಡು ತಿಂಗಳಲ್ಲಿ ಬೀಳಬೇಕಾದ್ದು ಎರಡು ದಿನದಲ್ಲಿ ಬಿದ್ದುಹೋಗಿತ್ತು. ಬಿತ್ತನೆ ಚೆನ್ನಾಗಿ ಆಯಿತು. ಆರಿದ್ರೆಯಲ್ಲೂ ಒಂದೆರಡು ಸಲ ಹನಿಯಿತು. ಆಮೇಲೆ ಗಾಳಿ ಎದ್ದಿತು.

ಆಷಾಢದ ಗಾಳಿ ನಮಗೆ ಹೊಸದಲ್ಲ. ಆದರೆ ಇದರಲ್ಲಿ ತಂಪು ಇರಲಿಲ್ಲ. ಮೋಡಗಳು ಪಡುವಣದಿಂದ ಬಂದು ನಿಲ್ಲದೆ ಮೂಡಣಕ್ಕೆ ಹೋಗುತ್ತಿದ್ದವು, ಹಿಂದೆಯೇ ಬಿಸಿಲು. ನಾನು ಬದುವಿನ ಮೇಲೆ ನಿಂತಿದ್ದೆನೆಂದು ಹೇಳಿದ ಆ ಗುರುವಾರ, ಮಾಪಕ ಖಾಲಿಯಾಗಿ ಎಂಟು ದಿನವಾಗಿತ್ತು. ನೀಲವ್ವ ಕಸ ಕೀಳುತ್ತಿದ್ದವಳು ಎದ್ದು ಬಂದಳು.

“ಏನ್ರಿ ಮಳಿ ಮಾಸ್ತರ, ಇವತ್ತೂ ಸೂಟಿ ಏನ್ರಿ ನಿಮ್ಮ ಸಾಲಿಗೆ?”

“ಇವತ್ತೂ ಸೂಟಿ ಬೇ. ಮಾಪಕದಾಗ ಒಂದ ಹನಿ ಇಲ್ಲ.”

“ಭಾಳ ಸೂಟಿ ಕೊಟ್ರ ಹುಡುಗ್ರು ಕೆಡತಾವ್ರಿ. ನೋಡ್ಕೋರಿ ಮತ್ತ.”

ಅವಳು ಕುಡುಗೋಲಿನಿಂದ ಗೇಣುದ್ದ ಕೆದರಿ ಮಣ್ಣು ತೆಗೆದು ಅಂಗೈಯಲ್ಲಿ ಹಿಚುಕಿದಳು. ಮಣ್ಣು ಉಂಡೆ ಕಟ್ಟಿತು. “ಇನ್ನಾ ಹಸಿ ಐತಿ,” ಎಂದಳು. ನಾನೂ ಆ ಉಂಡೆಯನ್ನು ಹಿಡಿದು ನೋಡಿ ಹೌದೆಂದೆ. ಇಬ್ಬರಿಗೂ ಅಂದು ಭಯವಾಗಲಿಲ್ಲ. ಬರ ಎಂಬುದು ನಿಧಾನವಾಗಿ ಬರುತ್ತದೆ, ಬರುವ ಮೊದಲು ಸೂಚನೆ ಕೊಡುತ್ತದೆ ಎಂದು ನನಗೆ ಕಲಿಸಿದ್ದರು. ಅವಳಿಗೆ ಐದು ವರ್ಷದ ಹೊಲವೂ ಅದನ್ನೇ ಕಲಿಸಿತ್ತು.

ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಭಾನುವಾರ ಮಧ್ಯಾಹ್ನ ಎಲೆಗಳು ಮಡಚಿಕೊಂಡಿದ್ದವು, ಸಂಜೆ ಬಿಚ್ಚಿಕೊಂಡವು. ಬುಧವಾರ ಮಡಚಿದ್ದು ಸಂಜೆಗೂ ಬಿಚ್ಚಿಕೊಳ್ಳಲಿಲ್ಲ. ಶುಕ್ರವಾರ ಬೆಳಗ್ಗೆ ಹೋದಾಗ ಗಿಡದಲ್ಲಿ ಹೂ ಇರಲಿಲ್ಲ. ಗಾಳಿ ಅವನ್ನೆಲ್ಲ ಉದುರಿಸಿ, ಗುಡಿಸಿ, ಮೂಡಣ ಬದುವಿನ ಬುಡಕ್ಕೆ ಒಟ್ಟಿತ್ತು. ಹಳದಿಯಾಗಿ, ಯಾರೋ ಅರಿಸಿನದ ಚೀಲ ಒಡೆದಂತೆ ಬಿದ್ದಿತ್ತು. ಗಿಡ ತುಂಬ ಎಲೆ ತೊಟ್ಟು ತುಂಬ ನೀರು ಕುಡಿಯುವ ವಾರವೇ ನೆಲದಲ್ಲಿ ನೀರು ತೀರಿತ್ತು. ಅದೇ ದಿನ ಅವಳು ಮತ್ತೆ ಮಣ್ಣು ಕೆದರಿ ಹಿಚುಕಿದಳು. ಬೆರಳು ಬಿಚ್ಚಿದಾಗ ಪುಡಿ ಗಾಳಿಗೆ ಹೋಯಿತು. ಗುರುವಾರಕ್ಕೂ ಆ ಶುಕ್ರವಾರಕ್ಕೂ ನಡುವೆ ಎಂಟು ದಿನ.

ಬಿರುಕುಗಳು ಬಿಟ್ಟವು. ಅವನ್ನು ಮುಚ್ಚಲು ಅವಳು ಕೈಗುದ್ದಲಿ ಹಿಡಿದು ಸಾಲುಸಾಲಾಗಿ ಮೇಲ್ಮಣ್ಣು ಎಳೆದಳು. ಎರಡು ಸಲ ಎಳೆದಳು. ಮೂರನೆಯ ಸಲ ನಾನಿದ್ದಾಗ ಒಂದು ಬಿರುಕಿನಲ್ಲಿ ಕೈ ಇಳಿಸಿದಳು. ಬಳೆ ನೆಲಕ್ಕೆ ತಾಗುವವರೆಗೆ ಕೈ ಒಳಗೆ ಹೋಯಿತು. “ಒಳಗೂ ಬಿಸಿ ಐತ್ರಿ,” ಎಂದಳು.

ನಾನು ಕಚೇರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಅದಕ್ಕೂ ಕಾರಣವಿತ್ತು. ನಮ್ಮಲ್ಲಿ ಹನಿ ಬೀಳದ ಆ ದಿನಗಳಲ್ಲೇ ಪಡುವಣ ಘಟ್ಟದಲ್ಲಿ ಮಳೆ ಹೊಡೆದು ಕೃಷ್ಣೆ ತುಂಬಿ ಬಂದಿದ್ದಳು. ನೀಲವ್ವನ ಹೊಲದಿಂದ ಹೊಳೆ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಅಲ್ಲ. ಅಲ್ಲಿ ಕಬ್ಬಿನ ಗದ್ದೆಗಳಲ್ಲಿ ದೋಣಿ ಓಡಾಡುತ್ತಿದ್ದವು. ಇಲ್ಲಿ ಬಿರುಕಿನಲ್ಲಿ ಕೈ ಇಳಿಯುತ್ತಿತ್ತು. ಇಡೀ ತಾಲೂಕಿನ ಜೀಪುಗಳು, ಸಾಹೇಬರು, ಕ್ಯಾಮೆರಾ ಹಿಡಿದವರು ಹೊಳೆಯ ದಂಡೆಯಲ್ಲಿದ್ದರು. ಹೊಳೆ ಏರಿದ್ದಕ್ಕೆ ನನ್ನ ಸಿಟ್ಟಿಲ್ಲ. ಮನೆ ಮುಳುಗಿದವರ ಕಷ್ಟ ಕಷ್ಟವೇ. ಎರಡು ಕಡೆ ನೋಡಲು ಕತ್ತು ತಿರುಗಿಸದವರ ಮೇಲೆ ನನ್ನ ಸಿಟ್ಟು.

ಆಗಸ್ಟ್ ಮೊದಲ ವಾರ, ಆಶ್ಲೇಷ ಕೂಡಿದ ದಿನ ಬೆಳಗ್ಗೆ ನಾನೇ ನೀಲವ್ವನ ಹೊಲಕ್ಕೆ ಇಳಿದು, ಅಲ್ಲಲ್ಲಿ ಗಿಡ ಕಿತ್ತು ಕಾಯಿ ಬಿಡಿಸಿ ನೋಡಿದೆ. ಕಾಯಿ ಮೊಳೆಯ ಹಾಗೆ ಸಣ್ಣಗೆ, ಒಳಗೆ ಕಾಳಿಲ್ಲ. ಬೇರು ತಂತಿಯಾಗಿತ್ತು. ಇನ್ನು ಮಳೆ ಬಂದರೂ ಅದು ಏಳುವ ಬೆಳೆಯಲ್ಲ. ಈಗಲೇ ಹರಗಿ, ಅಂದರೆ ಒಣ ಬೆಳೆಯ ಮೇಲೆಯೇ ಕುಂಟೆ ಹೊಡೆದು, ನೆಲ ಬಿಚ್ಚಿಟ್ಟರೆ ಮುಂದೆ ಬೀಳುವ ಮಳೆ ಒಳಗೆ ಇಂಗಿ ಹಿಂಗಾರಿಗೆ ಬಿಳಿಜೋಳವಾದರೂ ಬರುತ್ತದೆ ಎಂದು ಅವಳಿಗೆ ಹೇಳಿದೆ. ಕೃಷಿಯ ಲೆಕ್ಕದಲ್ಲಿ ಅದು ಸರಿಯಾದ ಸಲಹೆ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಅವಳು ಒಂದೇ ಪ್ರಶ್ನೆ ಕೇಳಿದಳು. “ಹರಗಿದ್ರ ಪಡಾ ಅನ್ನಂಗಿಲ್ಲಲಾ?”

ನಾನು ನಕ್ಕೆ. “ಹರಗಿದ ಹೊಲಕ್ಕ ಪಡಾ ಅಂತ ಯಾರಂತಾರವ್ವಾ? ಪಡಾ ಕೆಡವಾಂವ ಹರಗತಾನೇನು?”

ಆಗಸ್ಟಿನಲ್ಲಿ ಬೆಳೆ ಸಮೀಕ್ಷೆಯವರು ಬಂದು ಹೊಲ ಹೊಲದ ಫೋಟೋ ತೆಗೆಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರಿಗೆ ತರಬೇತಿ ಕೊಟ್ಟವರಲ್ಲಿ ನಾನೂ ಒಬ್ಬ. ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ. ನೆನಪಿಗೆ ಬರಲಿಲ್ಲ ಎನ್ನುವುದಕ್ಕಿಂತ ಮರೆತೆ ಎಂದು ಬರೆಯುವುದೇ ಸರಿ.

ಅವಳಿಗೆ ಸ್ವಂತ ಎತ್ತುಗಳು ಇರಲಿಲ್ಲ. ಅಂದೇ ಮಧ್ಯಾಹ್ನದ ಹೊತ್ತಿಗೆ ಮೈದುನ ಈರಪ್ಪ ತನ್ನ ಎತ್ತು, ಕುಂಟೆ ಹೊಡೆದುಕೊಂಡು ಬಂದ. ಆ ದಿನ ಅವನಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ; ಇದನ್ನೂ ಬರೆಯಬೇಕು. ಮೊದಲ ಸಾಲು ಎಳೆಯುತ್ತಲೇ ಒಣಗಿದ ಗಿಡಗಳು ಪಟಪಟನೆ ಮುರಿದವು.

“ಏ ಈರಪ್ಪ, ನಿನ್ನ ಎತ್ತಿಗೆ ಮೇವು ಹಾಕಿಯೋ ಇಲ್ಲೋ? ಮದಿವಿಗೆ ಹೊಂಟ ಬೀಗರಂಗ ನಡೀತಾವಲ್ಲೋ!” ಎಂದು ನೀಲವ್ವ ಬದುವಿನಿಂದ ಕೂಗಿದಳು.

“ವೈನಿ ಬೈಗಳಾ ತಿಂದ ಹೊಟ್ಟಿ ತುಂಬ್ಯಾವು. ಮೇವು ಯಾಕ ಬೇಕು ಅವಕ್ಕ?”

ಈರಪ್ಪನ ಹೆಂಡತಿ ಕಮಲವ್ವ ಬುತ್ತಿ ಹೊತ್ತು ತಂದಿದ್ದಳು. ಬುತ್ತಿ ಇಳಿಸಿ, ಕುಂಟೆಯ ಹಿಂದೆ ಬಗ್ಗಿ ನಡೆಯುತ್ತ, ಮುರಿದ ಗಿಡಗಳನ್ನು ಹಿರಿದು ಉಡಿಯಲ್ಲಿ ಕಾಯಿ ಬಿಡಿಸಿಕೊಂಡಳು. ಹೊತ್ತು ಇಳಿಯುವಷ್ಟರಲ್ಲಿ ನಾಲ್ಕು ಎಕರೆ ತಿರುಗಿ ಬಂದವಳು ಉಡಿ ಬಿಚ್ಚಿ ತೋರಿಸಿದಳು. “ಅಕ್ಕಾ, ಇದರಾಗ ಒಂದು ಗುಬ್ಬಿ ಹೊಟ್ಟೀನೂ ತುಂಬಂಗಿಲ್ಲ ಬೇ.” ಎಲ್ಲರೂ ಕೂತು ರೊಟ್ಟಿ ತಿಂದೆವು. ನೀಲವ್ವ ತಿನ್ನುವಾಗ ಹೊಲದ ಕಡೆ ಬೆನ್ನು ಮಾಡಿ ಕೂತಿದ್ದಳು.

ಮರುದಿನವೇ ನನ್ನನ್ನು ಹೊಳೆದಂಡೆಯ ಗಂಜಿ ಕೇಂದ್ರಕ್ಕೆ ಹಾಕಿದರು. ಹದಿನೆಂಟು ದಿನ ಅಲ್ಲಿದ್ದೆ. ಆ ನಡುವೆ ನಡೆದದ್ದನ್ನು ನಾನು ಕಂಡಿಲ್ಲ. ಸುಜಾತಾ ಎಂಬ ಹೆಣ್ಣುಮಗಳ ಬಾಯಿಂದ ಕೇಳಿದ್ದೇನೆ. ಅವಳು ಆ ಊರಿನ ಸೊಸೆ, ಡಿಗ್ರಿ ಓದಿದವಳು. ಆ ವರ್ಷ ಬೆಳೆ ಸಮೀಕ್ಷೆಯ ಕೆಲಸ ಅವಳದಾಗಿತ್ತು. ಹೊಲದಲ್ಲಿ ನಿಂತು ಫೋನ್ ತೆರೆದರೆ ಅದರಲ್ಲಿ ಬೆಳೆಗಳ ಪಟ್ಟಿ ಬರುತ್ತದೆ, ಕೊನೆಗೆ ‘ಪಾಳು’ ಎಂದಿರುತ್ತದೆ. ಒಂದನ್ನು ಒತ್ತಿ ಫೋಟೋ ತೆಗೆಯಬೇಕು. ಅಷ್ಟೇ.

“ಬಿತ್ತಿತ್ತು, ಒಣಗಿತ್ತು, ಹರಗ್ಯಾರ ಅನ್ನೂದು ಅದರಾಗ ಇಲ್ರಿ ಸರ್,” ಎಂದಳು ಸುಜಾತಾ. “ನಾ ಹೆಂಟಿ ಒಡದು ನೋಡೇನಿ, ಒಳಗ ಹೆಸರಿನ ಕಡ್ಡಿ ಇದ್ದೂ. ಮ್ಯಾಲಿನವ್ರಿಗೆ ಫೋನ್ ಮಾಡಿ ಕೇಳೇನಿ. ‘ಫೋಟೋದಾಗ ಏನ್ ಕಾಣತೈತಿ ಅದನ್ನ ಹಾಕು, ಭಾಷಣಾ ಮಾಡಬ್ಯಾಡ’ ಅಂದ್ರು.”

ಫೋಟೋದಲ್ಲಿ ಕಂಡದ್ದು ಬರಿಯ ಕಪ್ಪು ನೆಲ, ಅವಳು ‘ಪಾಳು’ ಒತ್ತಿದಳು. ನೀಲವ್ವ ಆ ದಿನ ಕೂಲಿಗೆ ಹೋಗಿದ್ದಳು.

ಅವಳ ಹೊಲ ಒಂದೇ ಅಲ್ಲ. ಆ ಊರಿನಲ್ಲಿ ಯಾರು ಬೇಗ ಹರಗಿ ನೆಲ ಹದ ಮಾಡಿಟ್ಟಿದ್ದರೋ ಅವರೆಲ್ಲರ ಹೊಲವೂ ಪಾಳು ಆಯಿತು. ಯಾರು ಮೈಗಳ್ಳತನದಿಂದ ಸತ್ತ ಬೆಳೆಯನ್ನು ಹಾಗೇ ನಿಲ್ಲಿಸಿದ್ದರೋ ಅವರ ಹೊಲದಲ್ಲಿ ಕಡ್ಡಿಗಳು ಫೋಟೋಕ್ಕೆ ಸಿಕ್ಕು, ‘ಹೆಸರುಕಾಳು’ ಎಂದು ನಮೂದಾಯಿತು. ಹೀಗೆ ಕಾಗದದ ಮೇಲೆ ಆ ಊರಿನಲ್ಲಿ ಎರಡೇ ಬಗೆಯ ಹೊಲಗಳು ಉಳಿದವು: ಬೆಳೆ ಇದ್ದವು, ಬಿತ್ತದೇ ಇದ್ದವು. ಬೆಳೆ ಸತ್ತ ಹೊಲ ಒಂದೂ ಇರಲಿಲ್ಲ. ಇದನ್ನು ಯಾರೂ ಕೂತು ಸಂಚು ಮಾಡಿ ಬರೆದದ್ದಲ್ಲ. ಹಾಗೆ ಮಾಡಿದ್ದರೆ ಒಬ್ಬನ ಕೊರಳಪಟ್ಟಿ ಹಿಡಿಯಬಹುದಿತ್ತು. ಪಟ್ಟಿಯಲ್ಲಿ ಒಂದು ಸಾಲು ಸೇರಿಸುವ ಬುದ್ಧಿ ಯಾರಿಗೂ ಹೊಳೆಯಲಿಲ್ಲ, ಹೊಳೆದವಳಿಗೆ ಭಾಷಣ ಮಾಡಬೇಡ ಎಂದರು.

ಗಂಜಿ ಕೇಂದ್ರದಿಂದ ಬಿಟ್ಟ ದಿನವೇ ನಾನು ನನ್ನ ಮೇಲಿನ ಸಾಹೇಬರ ಮುಂದೆ ನಿಂತೆ. ಆಕ್ಷೇಪಣೆ ಕೊಡುವ ಅವಧಿ ಮುಗಿದಿತ್ತು. ಆದರೂ ಹೊಲದಲ್ಲಿ ಬೆಳೆ ಇತ್ತು, ಒಣಗಿತು, ನನ್ನ ಸಲಹೆಯಂತೆ ಹರಗಿದರು ಎಂದು ಕಚೇರಿಯ ಮೊಹರು, ನಮ್ಮ ಮಾತಿನಲ್ಲಿ ಸಿಕ್ಕಾ, ಹಾಕಿ ಒಂದು ಪತ್ರ ಕೊಡಿ ಎಂದು ಕೇಳಿದೆ.

ಅವರು ನಾನು ಬರೆದ ಮಳೆ ಪುಸ್ತಕವನ್ನೇ ತರಿಸಿದರು. “ಇದರಾಗಿನ ಸಹಿ ಯಾರ್ದು?”

“ನಂದರಿ.”

“ಜೂನ್, ಜುಲೈ ಎರಡೂ ಕೂಡಿಸ್ರಿ. ವಾಡಿಕಿಗಿಂತ ಜಾಸ್ತಿನ ಐತಿ. ಜಾಸ್ತಿ ಮಳಿ ಆದಲ್ಲಿ ಬೆಳಿ ಒಣಗೇತಿ ಅಂತ ನಾ ಸಿಕ್ಕಾ ಹೊಡೀಲಾ? ಮತ್ತ ನಮ್ಮ ತಾಲೂಕು ಈಗ ಪ್ರವಾಹದ ಪಟ್ಟಿಯಾಗ ಐತಿ. ಒಂದ ತಾಲೂಕು, ಒಂದ ವಾರ, ನೀರಾಗ ಮುಳಗಿತು ಅಂತನೂ ಬರೀಬೇಕು, ನೀರಿಲ್ದ ಸತ್ತಿತು ಅಂತನೂ ಬರೀಬೇಕು. ಓದಿದವ್ರು ನನಗ ಏನ್ ಅಂತಾರ?”

“ಎರಡೂ ಖರೆ ಅದಾವ್ರಿ ಸಾಹೇಬ್ರ.”

“ಖರೆ ಇರಬಹುದು ಮಾರಾಯ. ಫಾರ್ಮಿನಾಗ ಕೂಡಂಗಿಲ್ಲ.”

ನಾನು ಹೊರಗೆ ಬಂದೆ. ಆ ಪುಸ್ತಕದಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ಒಂದು ದಿನವೂ ತಡಮಾಡದೆ, ಒಂದು ಹನಿಯನ್ನೂ ಬಿಡದೆ ಬರೆದಿದ್ದೆ. ಕೂಡಿಸಿದಾಗ ಅದೇ ಸುಳ್ಳಾಯಿತು. ನೀಲವ್ವನಿಗೆ ಇದನ್ನು ಹೇಳಿದಾಗ ಅವಳು ಅರ್ಥವಾಗದವಳಂತೆ ನನ್ನ ಮುಖ ನೋಡಿ ಕೇಳಿದಳು: “ಮಿರಗದಾಗ ಹರದು ಹಳ್ಳಕ್ಕ ಹ್ವಾದ ನೀರನ್ನ ಪುನರ್ವಸುದಾಗ ಬೇರಿಗೆ ಯಾರು ಹೊತ್ತು ತಂದು ಹಾಕ್ತಾರ್ರಿ?” ಆ ಪ್ರಶ್ನೆಯನ್ನು ನಾನು ಮರುದಿನ ಸಾಹೇಬರಿಗೆ ಹಾಗೇ ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

ಸೆಪ್ಟೆಂಬರಿನ ಮೊದಲ ವಾರ ಈರಪ್ಪ ಕಂಪ್ಯೂಟರಿನಿಂದ ಉತಾರ ತೆಗೆಸಿಕೊಂಡು ಬಂದ. ಹೊಲದ ಪಹಣಿಗೆ ನಮ್ಮಲ್ಲಿ ಉತಾರ ಎನ್ನುತ್ತಾರೆ. ಬೆಳೆಯ ಕಲಮಿನಲ್ಲಿ ‘ಪಾಳು’ ಎಂದಿತ್ತು. ಅವನು ಅದನ್ನು ಹಿರಿಯರ ಮುಂದಿಟ್ಟ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಹಣಮಂತ ದೇವರ ಗುಡಿಯ ಕಟ್ಟೆಯ ಮೇಲೆ ಕೂಡಿದರು. ನಾನು ಕಟ್ಟೆಯ ಕೆಳಗೆ, ಎಡಗಡೆಯ ಕಂಬಕ್ಕೆ ಆತು ನಿಂತಿದ್ದೆ. ಐದು ವರ್ಷದ ಹಿಂದೆ ಮಾತು ಕಟ್ಟಿದವರಲ್ಲಿ ಹಿರಿಯರಾದ ಬಸಲಿಂಗಯ್ಯನವರು ಕನ್ನಡಕ ಏರಿಸಿ ಕಾಗದ ಓದಿದರು.

“ಪಾಳು ಅಂತ ಐತಿ. ಪಾಳು ಅಂದ್ರ ಪಡಾನ ಹೌದಲ್ಲೋ?”

ನೀಲವ್ವ ಸೆರಗು ಬಿಗಿ ಮಾಡಿಕೊಂಡು ಮುಂದೆ ಬಂದಳು. “ಅಜ್ಜಾರ, ನೀವು ದಿನಾ ಮುಂಜಾನಿ ಬಸ್ಸಿಗೆ ಹೋಗೂದು ನನ್ನ ಬದುವಿನ ಮ್ಯಾಲಿಂದನ. ನನ್ನ ಹೆಸರಿನ ಬೆಳಿ ನೀವು ನೋಡಿಲ್ಲೇನ್ರಿ?”

“ನೋಡೇನಿ ಬೇ. ಸುಳ್ಳ ಯಾಕ ಹೇಳ್ಲಿ? ಛಲೋ ಬೆಳಿ ಇತ್ತು. ಆದ್ರ ನಾ ನೋಡಿದ್ದು ಉತಾರದಾಗ ಬರಂಗಿಲ್ಲಲಾ.”

ಅವಳು ಮೈದುನನ ಕಡೆ ತಿರುಗಿದಳು. “ಹರಗಿದಾಂವ ನೀನ. ಹೇಳೋ, ನೆಲಾ ನೋಡಬ್ಯಾಡ. ಬೆಳಿ ಇತ್ತೋ ಇಲ್ಲೋ?”

“ಹರಗಿದ್ದು ಖರೆ, ವೈನಿ. ಕಸಾ ಇತ್ತೋ ಬೆಳಿ ಇತ್ತೋ ನಾ ಏನ್ ಹೇಳ್ಲಿ? ಕುಂಟಿ ಹಿಡದಾಂವ ಎತ್ತಿನ ಬಾಲಾನ ನೋಡತಾನ.”

ಕೆಲವರು ನಕ್ಕರು. ಎಷ್ಟು ಜನ ಎಂದು ಎಣಿಸಲಿಲ್ಲ. ನಗದವರೂ ಇದ್ದರು.

ನಾನು ಮುಂದೆ ಹೋಗಿ, ಬೆಳೆ ಇತ್ತು, ನಾನೇ ಹರಗಲು ಹೇಳಿದೆ, ಈರಪ್ಪ ನನ್ನ ಕಣ್ಣೆದುರೇ ಹರಗಿದ ಎಂದು ಹೇಳಿದೆ. “ಬರದ ಕೊಡ್ರಿ ಹಂಗಾರ,” ಎಂದ ಈರಪ್ಪ, “ನಿಮ್ಮ ಸಿಕ್ಕಾ ಹೊಡದು.” ನಾನು ಅಲ್ಲೇ ಒಂದು ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ಕೊಟ್ಟೆ. ಬಸಲಿಂಗಯ್ಯನವರು ಅದನ್ನೂ ಓದಿದರು. ಮುಂದೆ ತಿರುವಿ, ಹಿಂದೆ ತಿರುವಿ ಸಿಕ್ಕಾ ಹುಡುಕಿದರು. ಆಮೇಲೆ ಮಡಚಿ ಉತಾರದ ಕೆಳಗಿಟ್ಟರು. ಅದರ ಮೇಲೆ ತಮ್ಮ ಕನ್ನಡಕ ತೆಗೆದಿಟ್ಟರು.

ಹನ್ನೊಂದೂವರೆಗೆ ಎಲ್ಲ ಮುಗಿದಿತ್ತು. ಹೊಲ ಅಂದಿನಿಂದ ಈರಪ್ಪ ಉಳಬೇಕೆಂದಾಯಿತು. ಸೆಪ್ಟೆಂಬರಿನ ನಡುವೆ ಉತ್ತರೆಯಲ್ಲಿ ಮಳೆ ಹದವಾಗಿ ಬಿತ್ತು. ಬೇಗ ಹರಗಿದ್ದ ನೆಲ ಅದನ್ನು ಒಂದು ಹನಿ ಬಿಡದೆ ಕುಡಿಯಿತು. ಈರಪ್ಪ ಬಿತ್ತಿದ ಬಿಳಿಜೋಳ ಆ ಊರಿನಲ್ಲೇ ಎಲ್ಲಕ್ಕಿಂತ ಎತ್ತರವಾಗಿ ಬಂತು. ನನ್ನ ಸಲಹೆ ಸರಿಯಾಗಿತ್ತು ಎಂದೆನಲ್ಲ, ಇದೇ ಅದಕ್ಕೆ ಸಾಕ್ಷಿ.

ಬೀಳಗಿಯ ತರಬೇತಿಯಾದ ಮೇಲಿನ ಭಾನುವಾರ ನಾನು ಬನಹಟ್ಟಿಗೆ ಹೋದೆ. ನೀಲವ್ವ ಈಗ ಅಲ್ಲಿ ಅಕ್ಕನ ಮನೆಯಲ್ಲಿದ್ದು ಮಗ್ಗದವರಿಗೆ ಕಂಡಿಕೆ ಸುತ್ತುತ್ತಾಳೆ. ನಾಲ್ಕೂ ಕಡೆ ವಿದ್ಯುತ್ ಮಗ್ಗಗಳ ಸದ್ದು, ಕೂಗಿಯೇ ಮಾತಾಡಬೇಕು. ಆ ವರ್ಷದ ಬರಕ್ಕೆ ಈಗ ಹೆಸರು ಬಂದಿದೆ, ದಿಢೀರ್ ಬರ ಅಂತಾರೆ ಎಂದು ಕೂಗಿ ಹೇಳಿದೆ. ಅವಳು ಕೈಯಲ್ಲಿದ್ದ ನೂಲು ಬಿಡಲಿಲ್ಲ.

“ಬರಾ ಅಂತ ಬರೀರಿ ಅಂತ ನಾ ಅವತ್ತೂ ಕೇಳ್ಲಿಲ್ರಿ,” ಎಂದಳು. “ಬರಾ ಬಂದಿತ್ತು, ಹೋತು. ಈ ವರ್ಷ ಮತ್ತ ಬರತೈತಿ, ಯಾರ ಹೊಲಕ್ಕ ಬರತೈತೋ. ನಾ ಕೇಳಿದ್ದು ಒಂದ ಮಾತು. ನಾ ಪಡಾ ಕೆಡವಿರಲಿಲ್ಲ. ಅಷ್ಟ ಬರೀರಿ. ಮುಂದ ಏನೂ ಸೇರಸಬ್ಯಾಡ್ರಿ.”

ಬರೆದಿದ್ದೇನೆ. ಸಿಕ್ಕಾ ಈಗಲೂ ಇಲ್ಲ. ಬರೆದವನೊಬ್ಬನೇ ಕಂಡವನಲ್ಲವಾದ್ದರಿಂದ ಉಳಿದವರನ್ನೂ ಇಲ್ಲಿ ಹೇಳಬೇಕು. ಬೆಳೆ ನಿಂತಿದ್ದನ್ನು ಕಂಡವರು ಬಸಲಿಂಗಯ್ಯನವರು. ಈಗಲೂ ದಿನಾ ಅದೇ ಬದುವಿನ ಮೇಲಿಂದ ಬಸ್ಸಿಗೆ ಹೋಗುತ್ತಾರೆ. ಹೆಂಟೆಯ ಕೆಳಗೆ ಕಡ್ಡಿ ಕಂಡವಳು ಸುಜಾತಾ. ಮುಂದಿನ ವರ್ಷ ಆ ಕೆಲಸಕ್ಕೆ ಅವಳನ್ನು ಕರೆಯಲಿಲ್ಲ. ಹರಗಿದವನು ಈರಪ್ಪ, ಗಟ್ಟಿಮುಟ್ಟಾಗಿದ್ದಾನೆ. ನೀಲವ್ವ ಬನಹಟ್ಟಿಯಲ್ಲಿದ್ದಾಳೆ. ಮತ್ತು ಕಮಲವ್ವ, ಈರಪ್ಪನ ಹೆಂಡತಿ. ಹಿರಿಯರು ಕೂತ ದಿನ ಅವಳು ಗುಡಿಯ ಹಿಂದೆ ಹೆಂಗಸರ ನಡುವೆ ನಿಂತಿದ್ದಳು. ಹೋದ ವಾರ ಸಾವಳಗಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ನಾನು ಕೇಳುವ ಮೊದಲೇ, ದನಿ ತಗ್ಗಿಸದೆ ಹೇಳಿದಳು: “ಬೆಳಿ ಇತ್ರಿ. ನನ್ನ ಉಡ್ಯಾಗಿನ ಕಾಯಿ ನಾನ ಬಿಡಿಸೇನಿ. ಯಾರರೆ ಕೇಳಿದ್ರ, ಗಂಡನ ಮುಂದನ ಹೇಳತೇನಿ.”

ಇಲ್ಲಿಯವರೆಗೆ ಅವಳನ್ನು ಯಾರೂ ಕೇಳಿಲ್ಲ.